ಮಹಿಳಾ ಸಂಘದ ಫ್ರಿಜ್ಜಿನಲ್ಲಿ ವರ್ಲಿನ್ ಹಾಬೆಕ್‌ನ ಬಿಯರ್

ವರ್ಲಿನ್ ಹಾಬೆಕ್ ಮಾರ್ಚ್ ತಿಂಗಳ ಮೊದಲ ಮಂಗಳವಾರ ಬೆಳಿಗ್ಗೆ ತೀರಿಕೊಂಡ. ಅವನಿಗೆ ಎಪ್ಪತ್ತಮೂರು ವರ್ಷ. ಹೃದಯ ನಿಂತಿತು, ಅಷ್ಟೇ. ತನ್ನ ಗ್ಯಾರೇಜಿನಲ್ಲಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ, ಬಿಯರ್ ಇಟ್ಟಿದ್ದ ಹಳೆಯ ಫ್ರಿಜ್ಜಿಗೆ ಮುಖ ಮಾಡಿ ಕೂತಿದ್ದ.

ಶನಿವಾರ ಮಣ್ಣು ಮಾಡಿದೆವು. ನಮ್ಮೂರು ಟೂ ರಿವರ್ಸ್‌ನಲ್ಲಿ ಮಾರ್ಚ್ ಅಂದರೆ ನೆಲ ಇನ್ನೂ ಬಂಡೆ. ಗುಂಡಿ ತೋಡುವವರು ಹಿಂದಿನ ದಿನವೇ ಬಂದು, ನೆಲ ಕರಗಲೆಂದು ಬಿಸಿಗಾಳಿ ಊದುವ ದೊಡ್ಡ ಡಬ್ಬಿಯೊಂದನ್ನು ಕವುಚಿ ಹಾಕಿ ಹೋಗಿದ್ದರು. ವರ್ಲಿನ್ ನಲವತ್ತು ವರ್ಷ ಊರವರ ನೆಲಮಾಳಿಗೆಗಳಲ್ಲಿ ಮನೆ ಬೆಚ್ಚಗಿಡುವ ಫರ್ನೇಸ್ ರಿಪೇರಿ ಮಾಡಿದವನು. ಬದುಕಿದ್ದಿದ್ದರೆ ತನ್ನ ಗುಂಡಿಯ ಪಕ್ಕದಲ್ಲೇ ನಿಂತು, "ಆ ಮೂಲೇಲಿ ಗಾಳಿ ಸೋರ್ತಿದೆ ಕಣ್ರೋ, ಹಿಂಗಾದ್ರೆ ನಾಳೆ ಸಂಜೆಗೂ ಕರಗಲ್ಲ" ಎಂದು ಬೈಯುತ್ತಿದ್ದ.

ಆಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಹ್ಯಾಮ್ ಸ್ಯಾಂಡ್‌ವಿಚ್, ಆಲೂಗಡ್ಡೆ, ಕಾಫಿ. ಕೊನೆಗೆ ಮಹಿಳಾ ಸಂಘದವರು ಹಸಿರು ಜೆಲ್ಲಿಯ ತಟ್ಟೆಯೊಂದನ್ನು ತಂದು ಮೇಜಿನ ನಡುವೆ ಇಟ್ಟರು. ಒಳಗೆ ತುರಿದ ಕ್ಯಾರೆಟ್, ಮೇಲೆ ಒಂದು ಚಮಚ ಕ್ರೀಮು. ತಟ್ಟೆ ಇಟ್ಟ ರಭಸಕ್ಕೆ ಅದು ಸ್ವಲ್ಪ ನಡುಗಿ ಸುಮ್ಮನಾಯಿತು. ವರ್ಲಿನ್‌ನ ಹೆಂಡತಿ ಆರ್ಡಿಸ್ ಅದನ್ನೇ ನೋಡುತ್ತಿದ್ದವಳು, "ಈ ಸಲ ಗಟ್ಟಿಯಾಗಿದೆ" ಅಂದಳು.

ನಮ್ಮ ಮೇಜಿಗೆ ಮೇಜೇ ನಗತೊಡಗಿತು. ಆರ್ಡಿಸ್ ನಕ್ಕಳು, ಮಗಳು ಗ್ರೆಚೆನ್ ನಕ್ಕಳು, ಅಳಿಯ ಲೋರ್ನ್ ಮುಖಕ್ಕೆ ಕರವಸ್ತ್ರ ಒತ್ತಿಕೊಂಡು ಆಚೆ ಹೋದ. ಹೊಸ ಪಾದ್ರಿಗಳು ಕಾಫಿ ಕಪ್ಪು ಹಿಡಿದು ಬೆಚ್ಚಿ ನಿಂತಿದ್ದರು. ಅವರು ಊರಿಗೆ ಬಂದು ಎರಡು ವಾರವಾಗಿತ್ತಷ್ಟೆ. ಯಾಕೆ ನಕ್ಕಿರಿ ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆದೆ, ಆದರೆ ಹೇಳಲಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕಳೆದ ಅಕ್ಟೋಬರ್‌ನಲ್ಲಿ ಗ್ರೆಚೆನ್‌ಗೆ ಹೆಣ್ಣುಮಗು ಹುಟ್ಟಿತು. ಮದುವೆಯಾಗಿ ಹನ್ನೊಂದು ವರ್ಷದ ಮೇಲೆ ಹುಟ್ಟಿದ ಮಗು. ಅದೇ ತಿಂಗಳು ಡಾಕ್ಟರು ವರ್ಲಿನ್‌ನನ್ನು ಕೂರಿಸಿಕೊಂಡು, "ಬೇಸಿಗೆಯ ಯೋಜನೆ ಏನೂ ಹಾಕಿಕೊಳ್ಳಬೇಡಿ" ಎಂದರು. ಮಗುವಿನ ದೀಕ್ಷಾಸ್ನಾನ ಈಸ್ಟರ್ ಭಾನುವಾರಕ್ಕೆ ನಿಶ್ಚಯವಾಯಿತು. ಆವತ್ತು ಮನೆಗೆ ಬಂದವರಿಗೆಲ್ಲ ತನ್ನ ಕೈಯಾರೆ ಮಾಡಿದ ಲಾಗರ್ ಬಿಯರ್ ಕೊಡುವುದಾಗಿ ವರ್ಲಿನ್ ಸಾರಿಬಿಟ್ಟ.

ಮನೆಯಲ್ಲಿ ಬಿಯರ್ ಮಾಡುವುದು ಅವನಿಗೆ ಹೊಸದಲ್ಲ. ಮೂವತ್ತು ವರ್ಷದಿಂದ ಮಾಡುತ್ತಿದ್ದ, ನಾವು ಮೂವತ್ತು ವರ್ಷದಿಂದ ಹೊಗಳಿ ಕುಡಿಯುತ್ತಿದ್ದೆವು. ಆದರೆ ಅದೆಲ್ಲ ಅಡುಗೆಮನೆಯ ಮೂಲೆಯಲ್ಲಿ ಎರಡೇ ವಾರಕ್ಕೆ ಹುದುಗಿ ಮುಗಿಯುವ ಬಿಯರು. ಲಾಗರ್ ಹಾಗಲ್ಲ. ಅದು ಚಳಿಯಲ್ಲಿ ಹುದುಗಬೇಕು, ಆಮೇಲೆ ಇನ್ನೂ ಚಳಿಯಲ್ಲಿ ಆರು ವಾರ ಸುಮ್ಮನೆ ಮಲಗಬೇಕು. ಒಂದು ದಿನ ಸೆಖೆ ತಾಗಿದರೂ ಕೆಟ್ಟಿತು.

"ಅಂಗಡೀಲಿ ಒಳ್ಳೇ ಲಾಗರ್ ಸಿಗತ್ತಲ್ಲೋ," ಎಂದೆ ನಾನು.

"ಅಂಗಡೀಲಿ ಮೊಮ್ಮಕ್ಕಳೂ ಸಿಗ್ತಾರೇನೋ ಮೇಷ್ಟ್ರೇ?" ಎಂದ. ನಾನು ಹೈಸ್ಕೂಲಿನಲ್ಲಿ ಲ್ಯಾಟಿನ್ ಕಲಿಸುತ್ತಿದ್ದವನು. ಒಂದನೇ ಕ್ಲಾಸಿನಿಂದ ಒಟ್ಟಿಗೆ ಬೆಳೆದರೂ ಅವನಿಗೆ ನಾನು ಮೇಷ್ಟ್ರೇ. "ನಾನು ಈಸ್ಟರ್‌ಗೆ ಇರ್ತೀನೋ ಇಲ್ವೋ ದೇವ್ರಿಗೆ ಗೊತ್ತು. ಬಿಯರ್ ಇರ್ಬೇಕು. ನನ್ನ ಮೊಮ್ಮಗಳ ಹೆಸರಲ್ಲಿ ಗ್ಲಾಸು ಎತ್ತುವಾಗ ಅದ್ರಲ್ಲಿ ನಂದೇ ಇರ್ಬೇಕು."

ಹೀಗೆ ಫ್ರಿಜ್ ಬಂತು. ಚರ್ಚಿನ ಮಹಿಳಾ ಸಂಘದವರು ಹೊಸದನ್ನು ಕೊಂಡು ಹಳೆಯದನ್ನು ಎಸೆಯಲಿದ್ದರು. ವರ್ಲಿನ್ ಅದನ್ನು ಹಿಮದ ಮೇಲೆ ಜಾರುವ ಬಂಡಿಯಲ್ಲಿ ಎಳೆಸಿಕೊಂಡು ಬಂದ. ಎಳೆದವನು ನಾನು. ಅದರ ಬಾಗಿಲ ಮೇಲೆ ಯಾವುದೋ ಕಾಲದಲ್ಲಿ ಯಾರೋ ಕೆಂಪು ಬಣ್ಣದಲ್ಲಿ ದೊಡ್ಡದಾಗಿ ಬರೆದಿದ್ದರು: "ಮಹಿಳಾ ಸಂಘದ್ದು. ಬೇರೆಯವರು ಮುಟ್ಟಬಾರದು." "ಅಳಿಸಿಬಿಡು," ಎಂದಳು ಆರ್ಡಿಸ್. "ಇರ್ಲಿ ಬಿಡೇ, ಕಳ್ಳರಿಗೆ ಭಯ ಇರತ್ತೆ," ಎಂದ ವರ್ಲಿನ್.

ಜನವರಿಯಲ್ಲಿ ನಮ್ಮ ಗ್ಯಾರೇಜುಗಳಲ್ಲಿ ಫ್ರಿಜ್ಜಿನ ಕೆಲಸ ತಂಪು ಮಾಡುವುದಲ್ಲ; ಒಳಗಿಟ್ಟದ್ದು ಕಲ್ಲಾಗದಂತೆ ಕಾಯುವುದು. ಹಾಲು ಹೆಪ್ಪುಗಟ್ಟದಿರಲಿ ಎಂದು ನಾವು ಅದನ್ನು ಫ್ರಿಜ್ಜಿನಲ್ಲಿ ಇಡುತ್ತೇವೆ. ಆದ್ದರಿಂದ ಬಿಯರಿಗೆ ಎರಡೂ ಬೇಕಿತ್ತು: ಚಳಿ ಹೆಚ್ಚಾದರೆ ಬಿಸಿ ಮಾಡಬೇಕು, ಬಿಸಿ ಹೆಚ್ಚಾದರೆ ತಣ್ಣಗೆ ಮಾಡಬೇಕು, ಯಾರೂ ಎದ್ದು ಹೋಗಿ ನೋಡಬೇಕಾಗಬಾರದು. ಅದಕ್ಕೆ ಒಂದು ಕಂಟ್ರೋಲರ್ ಬೇಕು. ಸಿದ್ಧವಾದದ್ದು ಸಿಗುತ್ತದೆ. ಅದನ್ನು ಕೊಳ್ಳುವುದು ಫರ್ನೇಸ್ ರಿಪೇರಿಯವನಿಗೆ ಅವಮಾನ.

ಅಂಚೆಯಲ್ಲಿ ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ ಒಂದು ಕರಿ ಸಾಮಾನು ತರಿಸಿದ. ಮುಂದೆ ಕೆಂಪಗೆ ಹೊಳೆಯುವ ಅಂಕಿ, ಹಿಂದೆ ತಂತಿ ಸಿಕ್ಕಿಸುವ ಎಂಟು ತೂತು, ಜೊತೆಗೆ ಬಿಸಿ ಅಳೆಯುವ ಉದ್ದನೆಯ ಬಾಲ. ಅದನ್ನು ಮೀನಿನ ಗಾಳ ಇಡುವ ಹಳೆಯ ಪೆಟ್ಟಿಗೆಯಲ್ಲಿ ಕೂರಿಸಿದ. ಪೆಟ್ಟಿಗೆಯ ಪಕ್ಕಕ್ಕೆ ಎರಡು ಪ್ಲಗ್ ತೂತು. ಒಂದರ ಮೇಲೆ "ಬಿಸಿ", ಇನ್ನೊಂದರ ಮೇಲೆ "ತಣ್ಣಗೆ". ತಣ್ಣಗಿನದಕ್ಕೆ ಫ್ರಿಜ್ಜು. ಬಿಸಿಯದಕ್ಕೆ, ಖಾಲಿ ಕಾಫಿ ಡಬ್ಬಿಯೊಳಗೆ ಕೂರಿಸಿದ ನೂರು ವ್ಯಾಟಿನ ಹಳೇ ಕಾಲದ ಬಲ್ಬು. ಬೆಳಕು ಬಿದ್ದರೆ ಬಿಯರ್ ಕೆಡುತ್ತದೆ, ಅದಕ್ಕೆ ಡಬ್ಬಿ. ಎರಡು ವಾರ ಹಿಡಿಯಿತು. ನಿಜ ಹೇಳುತ್ತೇನೆ, ಕೆಲಸ ಚೆಂದವಿತ್ತು. ಒಂದೊಂದು ತಂತಿಯನ್ನೂ ಜಡೆ ಹೆಣೆದಂತೆ ಕಟ್ಟಿದ್ದ.

ಆ ಸಾಮಾನಿನ ಜೊತೆ ನಾಲ್ಕು ಮಡಿಕೆಯ ಒಂದು ಕಾಗದ ಬಂದಿತ್ತು, ಹೇಗೆ ಬಳಸಬೇಕೆಂದು ಹೇಳುವಂಥದ್ದು. "ತಗೋ ಮೇಷ್ಟ್ರೇ, ಓದೋ ಕೆಲ್ಸ ನಿಂದು," ಎಂದು ನನಗೆ ಕೊಟ್ಟ. ನಾನು ಅದನ್ನು ಆಗ ಓದುತ್ತಿದ್ದ ದಪ್ಪ ಇತಿಹಾಸದ ಪುಸ್ತಕದಲ್ಲಿ ಗುರುತಿಗೆಂದು ಇಟ್ಟುಕೊಂಡೆ. ಆ ಪುಸ್ತಕವನ್ನು ಮುಗಿಸಿದೆ. ಕಾಗದವನ್ನು ಓದಲಿಲ್ಲ.

ಇದೆಲ್ಲ ನಡೆಯುವಾಗ ಲೋರ್ನ್ ಗೆರೆಯಾಚೆ ನಿಂತು ನೋಡುತ್ತಿದ್ದ. ಗೆರೆಯ ವಿಷಯ ಹೇಳಬೇಕು. ಲೋರ್ನ್ ಕೆನಡಾದ ವಿನ್ನಿಪೆಗ್‌ನವನು, ನಮ್ಮ ಊರಿನ ನೀರು ಶುದ್ಧಿ ಮಾಡುವ ಕಡೆ ಕೆಲಸ. ಮದುವೆಯಾದ ಹೊಸತರಲ್ಲಿ ಮಾವನ ಒಂದು ಸ್ಕ್ರೂಡ್ರೈವರ್ ತೆಗೆದುಕೊಂಡು, ಕೆಲಸ ಮುಗಿಸಿ, ಬೇರೆ ಮೊಳೆಗೆ ತೂಗುಹಾಕಿದ. ಮರುದಿನ ವರ್ಲಿನ್ ಗ್ಯಾರೇಜಿನ ನೆಲದ ಮೇಲೆ, ಬಾಗಿಲಿನಿಂದ ಆರು ಅಡಿ ಒಳಗೆ, ಅಡ್ಡಕ್ಕೆ ಒಂದು ಹಳದಿ ಗೆರೆ ಬಳಿದ. "ಅಳಿಯಂದಿರು ಇಲ್ಲೀವರೆಗೂ ಬರಬಹುದು." ಹನ್ನೊಂದು ವರ್ಷ ಲೋರ್ನ್ ಆ ಗೆರೆ ದಾಟಲಿಲ್ಲ. ಅವನಿಗೆ ಬಿಯರ್ ಕೊಡಬೇಕಾದರೆ ವರ್ಲಿನ್ ಕೈ ಚಾಚಿ ಗೆರೆಯ ಮೇಲಿಂದ ಕೊಡುತ್ತಿದ್ದ.

ವರ್ಲಿನ್‌ನ ಎಡಗಿವಿಯ ವಿಷಯವನ್ನೂ ಹೇಳಬೇಕು. ಚಳಿ ಎಷ್ಟು ಡಿಗ್ರಿ ಎಂದು ಆ ಕಿವಿ ಹೇಳುತ್ತದೆಂದು ಅವನು ನಂಬಿದ್ದ. ಎಂಥ ಚಳಿಯಲ್ಲೂ ಟೊಪ್ಪಿಗೆಯ ಎಡಭಾಗವನ್ನು ಮಡಿಸಿ ಮೇಲೆ ಕಟ್ಟಿರುತ್ತಿದ್ದ. ಜನರ ಮನೆಗೆ ಹೋದರೆ ಗೋಡೆಯ ಥರ್ಮಾಮೀಟರ್ ನೋಡುತ್ತಿರಲಿಲ್ಲ; ಕಿವಿಯನ್ನು ಅತ್ತ ಇತ್ತ ತಿರುಗಿಸಿ, "ಅರವತ್ತಾರು" ಎನ್ನುತ್ತಿದ್ದ. ಜನ ಹೌದೆನ್ನುತ್ತಿದ್ದರು. ಫರ್ನೇಸ್ ಕೆಟ್ಟು ಚಳಿಯಲ್ಲಿ ಕೂತವರು ಯಾರಿಗೂ ಎದುರಾಡುವುದಿಲ್ಲ.

ಜನವರಿಯ ಒಂದು ಶನಿವಾರ ಮೊದಲ ಸಲ ಬಿಯರ್ ಕುದಿಸಿದೆವು. ಹಿಮದ ರಾಶಿಯಲ್ಲಿ ಹುಗಿದು ತಣಿಸಿ, ಗಾಜಿನ ದೊಡ್ಡ ಜಾಡಿಗೆ ಹೊಯ್ದು, ಯೀಸ್ಟ್ ಹಾಕಿ ಫ್ರಿಜ್ಜಿನಲ್ಲಿಟ್ಟೆವು. ಅದಕ್ಕೆ ಮೊದಲು ವರ್ಲಿನ್ ಕಂಟ್ರೋಲರ್ ಹಾಕಿ ಗ್ಯಾರೇಜಿನ ಗಾಳಿ ಅಳೆದ. ಕೆಂಪು ಅಂಕಿ ಸೊನ್ನೆಗಿಂತ ಒಂಬತ್ತು ಕೆಳಗೆ ತೋರಿಸಿತು.

"ನೋಡ್ದಾ?" ಎಂದ, ಕಿವಿ ತಟ್ಟಿಕೊಂಡು. "ನಾನೂ ಮೈನಸ್ ಒಂಬತ್ತೇ ಅಂದ್ಕೊಂಡೆ. ಕರೆಕ್ಟಾಗಿದೆ ಸಾಮಾನು."

ಲಾಗರ್ ಐವತ್ತು ಡಿಗ್ರಿಯಲ್ಲಿ ಹುದುಗಬೇಕು. ಐವತ್ತಕ್ಕೆ ಒತ್ತಿಟ್ಟ. ಬಾಲವನ್ನು ಜಾಡಿಗೆ ಅಂಟಿಸಿದಾಗ ಹತ್ತು ಎಂದು ತೋರಿಸಿತು. "ಬಾಲ ಇನ್ನೂ ಮರಗಟ್ಟಿದೆ. ಬೆಚ್ಚಗಾಗ್ಲಿ, ಏರತ್ತೆ," ಎಂದ. ಕಾಫಿ ಡಬ್ಬಿಯೊಳಗೆ ಬಲ್ಬು ಹೊತ್ತಿಕೊಂಡಿತು. ಬಾಗಿಲು ಹಾಕಿದೆವು. ಭಾನುವಾರ ಚರ್ಚು, ಆಮೇಲೆ ಫುಟ್‌ಬಾಲ್. ನಮ್ಮ ತಂಡ ಸೋತಿತು, ಯಾರಿಗೂ ಗ್ಯಾರೇಜಿನ ನೆನಪಾಗಲಿಲ್ಲ. ಆರ್ಡಿಸ್ ಒಬ್ಬಳು ಮಾತ್ರ ಶನಿವಾರ ಸಂಜೆಯೇ ಹೋಗಿ ಸೋಮವಾರದ ಮಹಿಳಾ ಸಂಘದ ಸಭೆಗೆ ಮಾಡಿದ್ದ ಹಸಿರು ಜೆಲ್ಲಿಯನ್ನೂ ಒಂದು ದೊಡ್ಡ ಚೀಸಿನ ಉಂಡೆಯನ್ನೂ ಕೆಳಗಿನ ಅರೆಯಲ್ಲಿ ಇಟ್ಟು ಬಂದಿದ್ದಳು. ಎಷ್ಟೆಂದರೂ ಫ್ರಿಜ್ಜು ಮಹಿಳಾ ಸಂಘದ್ದು.

ಸೋಮವಾರ ಮಧ್ಯಾಹ್ನ ನಾವೆಲ್ಲ ಗ್ಯಾರೇಜಿನಲ್ಲಿದ್ದೆವು. ಆರ್ಡಿಸ್ ಜೆಲ್ಲಿ ಒಯ್ಯಲು ಬಂದಿದ್ದಳು. ಲೋರ್ನ್ ಊಟದ ಬಿಡುವಿನಲ್ಲಿ ಬಂದು ಗೆರೆಯಾಚೆ ನಿಂತಿದ್ದ. ಅಲ್ಲಿಂದಲೇ ಕತ್ತು ಚಾಚಿ ಕೆಂಪು ಅಂಕಿ ನೋಡಿದ.

"ಮಾವ, ನಲವತ್ತೆಂಟು ತೋರಿಸ್ತಿದೆ."

"ಗೊತ್ತಪ್ಪಾ. ಐವತ್ತಕ್ಕಿಟ್ಟಿದೀನಿ. ಎರಡೇ ಎರಡು ಕಮ್ಮಿ."

"ಮಾವ, ಅದು ನಮ್ಮ ಡಿಗ್ರಿ."

"ಯಾರ ಡಿಗ್ರಿ?"

"ಸೆಲ್ಸಿಯಸ್. ನೀರು ಸೊನ್ನೆಗೆ ಹೆಪ್ಪುಗಟ್ಟೋ ಡಿಗ್ರಿ. ನಿಮ್ಮ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಅದು ನೂರಾ ಹದಿನೆಂಟು."

ವರ್ಲಿನ್ ಕೆಂಪು ಅಂಕಿಯನ್ನೊಮ್ಮೆ, ಅಳಿಯನನ್ನೊಮ್ಮೆ ನೋಡಿದ. ಆಮೇಲೆ ಬಹಳ ಗಂಭೀರವಾಗಿ, "ನಿಮ್ಮ ಡಿಗ್ರಿಗೆ ನನ್ನ ಗ್ಯಾರೇಜಲ್ಲಿ ಏನಯ್ಯಾ ಕೆಲಸ?" ಎಂದ.

ಬಾಗಿಲು ತೆರೆದ. ಒಳಗಿಂದ ಬೇಸಿಗೆ ಬಂತು. ನನ್ನ ಕನ್ನಡಕ ಮಂಜಾಯಿತು. ಒರೆಸಿ ನೋಡಿದರೆ ಕೆಳಗಿನ ಅರೆಯಿಂದ ಹಸಿರು ನೀರು ತೊಟ್ಟಿಕ್ಕುತ್ತಿತ್ತು, ಕ್ಯಾರೆಟ್ ತುರಿ ಫ್ರಿಜ್ಜಿನ ತಳದಲ್ಲಿ ಸಾಲಾಗಿ ತೇಲುತ್ತಿತ್ತು. ಚೀಸು ಅರೆಯ ಕಂಬಿಗಳ ನಡುವಿನಿಂದ ಇಳಿಬಿದ್ದು ತಳ ಮುಟ್ಟಿತ್ತು. ಬಿಯರು ಬೇಯಿಸಿದ ಗೋಣಿಚೀಲದ ಹಾಗೆ ನಾರುತ್ತಿತ್ತು.

"ಯೀಸ್ಟು ಸತ್ತಿದೆ," ಎಂದ ಲೋರ್ನ್.

"ಸತ್ತಿಲ್ಲ. ಸೆಖೆಗೆ ಮಲಗಿದೆ."

ಆರ್ಡಿಸ್ ಖಾಲಿ ಪಾತ್ರೆ ಎತ್ತಿಕೊಂಡು ಗಂಡನನ್ನು ನೋಡಿದಳು. "ನಲವತ್ತು ವರ್ಷ ಊರಿಗೆಲ್ಲ ಬಿಸಿ ಎಷ್ಟು ಅಂತ ಹೇಳಿದೋನು ನೀನು! ನಿನ್ನ ಕಿವಿ ಏನು ಮಾಡ್ತಿತ್ತು?"

"ಶನಿವಾರ ಕಿವಿ ಸರಿಯಾಗೇ ಹೇಳಿತ್ತು ಕಣೇ. ಮೈನಸ್ ಒಂಬತ್ತು."

"ಶನಿವಾರ ನಮ್ಮ ಲೆಕ್ಕದಲ್ಲಿ ಹದಿನಾರಿತ್ತು! ರೇಡಿಯೋದವರು ಹೇಳಿದ್ರು. ಮೇಷ್ಟ್ರೇ, ನಿಮಗೂ ಗೊತ್ತಿರ್ಲಿ, ಎಂಬತ್ತೆಂಟನೇ ಇಸವೀಲಿ ಕೆರೆ ಮೇಲೆ ಮೀನು ಹಿಡಿಯಕ್ಕೆ ಹೋಗಿ ಈ ಕಿವಿ ಮರಗಟ್ಟಿಸ್ಕೊಂಡು ಬಂದ. ಅವತ್ತಿಂದ ಅದಕ್ಕೆ ಸೂಜಿ ಚುಚ್ಚಿದ್ರೂ ಗೊತ್ತಾಗಲ್ಲ!"

ಮೂವತ್ತೇಳು ವರ್ಷ ನಾವು ಒಂದು ಸತ್ತ ಕಿವಿಯ ಮಾತು ಕೇಳಿಕೊಂಡು ಬದುಕಿದ್ದೆವು.

ಆವತ್ತು ಸಂಜೆ ನಾನು ಕಾಗದ ತೆಗೆದು ಓದಿದೆ. ಮೊದಲ ಸಾಲಿನಲ್ಲೇ ಇತ್ತು: ಈ ಉಪಕರಣ ಸೆಲ್ಸಿಯಸ್‌ನಲ್ಲಿ ಮಾತ್ರ ಅಳೆಯುತ್ತದೆ. ವರ್ಲಿನ್‌ಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಆ ಕಡೆ ಸ್ವಲ್ಪ ಹೊತ್ತು ಉಸಿರಾಟ ಮಾತ್ರ ಕೇಳಿಸಿತು. ಆಗಲೇ ಅವನಿಗೆ ಉಸಿರು ಕಷ್ಟವಾಗುತ್ತಿತ್ತು. "ಆಗ್ಲಿ ಬಿಡೋ," ಎಂದ. "ಈಸ್ಟರ್‌ಗೆ ಹನ್ನೆರಡು ವಾರ ಇದೆ. ಇನ್ನೊಂದು ಸಲಕ್ಕೆ ಸರಿಯಾಗತ್ತೆ. ಮೂರನೇ ಸಲಕ್ಕೆ ಇಲ್ಲ." ಬಿಯರ್ ಲೆಕ್ಕ ಹೇಳುತ್ತಿದ್ದಾನೆಂದು ನಾನು ಅಂದುಕೊಂಡೆ.

ಮುಂದಿನ ವಾರ ಎರಡನೇ ಸಲ ಕುದಿಸಿದೆವು. ಐವತ್ತು ಅಂದರೆ ಹತ್ತು ಎಂದು ಲೋರ್ನ್ ಗೆರೆಯಾಚೆಯಿಂದ ಹೇಳಿದ. ವರ್ಲಿನ್ ಹತ್ತಕ್ಕೆ ಇಟ್ಟ. ಆದರೆ ಆ ಹತ್ತು ಅವನ ಕಣ್ಣಿಗೆ ಚುಚ್ಚುತ್ತಿತ್ತು. ಬಣ್ಣ ಬಳಿಯುವವರ ಕಾಗದದ ಅಂಟುಪಟ್ಟಿ ಹರಿದು ಕೆಂಪು ಅಂಕಿಯ ಮೇಲೆ ಅಂಟಿಸಿ, ಅದರ ಮೇಲೆ ದಪ್ಪ ಪೆನ್ನಿನಲ್ಲಿ "50" ಎಂದು ಬರೆದ.

"ಮಾವ, ಈಗ ಏನೇ ಆದ್ರೂ ಅದು ಐವತ್ತೇ ತೋರಿಸತ್ತೆ. ಬೆಂಕಿ ಬಿದ್ರೂ ಐವತ್ತೇ."

"ಅದೇ ಬೇಕಿತ್ತು ನಂಗೆ," ಎಂದ ವರ್ಲಿನ್.

ಬಿಯರ್ ಹುದುಗಿತು. ಜಾಡಿಯ ಬಾಯಿಯಿಂದ ಗುಳುಗುಳು ಸದ್ದು ಬರುತ್ತಿತ್ತು. ವರ್ಲಿನ್ ದಿನಾ ಬಕೆಟ್ ಬೋರಲು ಹಾಕಿ ಕೂತು ಅದನ್ನು ಕೇಳುತ್ತಿದ್ದ, ಬಲಗಿವಿಯಿಂದ. ಮೂರನೇ ವಾರ ಒಂದು ಚಮಚ ತೆಗೆದು ಮೂಸಿದವನು ಬಿಳಿಚಿಕೊಂಡ. ನನಗೂ ಮೂಸಲು ಕೊಟ್ಟ. ಬೆಣ್ಣೆ. ಥೇಟು ಬೆಣ್ಣೆ ಸವರಿದ ಮೆಕ್ಕೆಜೋಳದ ಅರಳಿನ ವಾಸನೆ.

"ಹೋಯ್ತು," ಎಂದ. ಬಕೆಟ್ಟಿನ ಮೇಲೆ ಕುಸಿದು ಕೂತ. "ಮೇಷ್ಟ್ರೇ, ಇದೂ ಹೋಯ್ತು ಕಣೋ." ಅವನ ತುಟಿ ಸ್ವಲ್ಪ ನೀಲಿಯಾಗಿದ್ದುದನ್ನು ನಾನು ಆವತ್ತು ಮೊದಲ ಸಲ ನೋಡಿದೆ.

ಗೆರೆಯಾಚೆಯಿಂದ ಲೋರ್ನ್ ಕೆಮ್ಮಿದ. "ಹೋಗಿಲ್ಲ ಮಾವ. ಎರಡು ದಿನ ಹದಿನಾರಕ್ಕೆ ಏರಿಸಿ. ಯೀಸ್ಟೇ ಆ ವಾಸನೆ ತಿಂದ್ಹಾಕತ್ತೆ. ಆಮೇಲೆ ದಿನಕ್ಕೆ ಒಂದೊಂದು ಡಿಗ್ರಿ ಇಳಿಸ್ತಾ ಬನ್ನಿ, ಒಂದರವರೆಗೆ. ಒಂದಕ್ಕೆ ನಿಲ್ಲಿಸಿ ಮಲಗಿಸಿಬಿಡಿ. ಈಸ್ಟರ್‌ಗೆ ಸರಿಹೋಗತ್ತೆ."

ವರ್ಲಿನ್ ನಿಧಾನವಾಗಿ ತಿರುಗಿದ. "ನಿಂಗೆ ಹೆಂಗೆ ಗೊತ್ತು?"

"ನಮ್ಮಪ್ಪ ಮಾಡ್ತಿದ್ರು. ಲಾಗರ್ ಒಂದೇ ಮಾಡ್ತಿದ್ದಿದ್ದು. ನಾನೇ ಜೊತೇಲಿರ್ತಿದ್ದೆ."

"ಹನ್ನೊಂದು ವರ್ಷ ಬಾಯಿ ಬಿಡ್ಲಿಲ್ವಲ್ಲಯ್ಯಾ!"

"ನೀವು ಕೇಳ್ಲಿಲ್ಲ. ಅದೂ ಅಲ್ದೆ..." ಲೋರ್ನ್ ತನ್ನ ಕಾಲ ಬುಡದ ಹಳದಿ ಗೆರೆ ನೋಡಿದ. "ನಾನು ಇಲ್ಲಿದ್ದೆ."

ವರ್ಲಿನ್ ಮತ್ತೆ ಫ್ರಿಜ್ಜಿನತ್ತ ತಿರುಗಿದ. ಹದಿನಾರಕ್ಕೆ ಏರಿಸಿದ. ಅಂಟುಪಟ್ಟಿ ಕಿತ್ತು ಹೊಸದು ಅಂಟಿಸಿ "61" ಎಂದು ಬರೆದ. ಎರಡು ದಿನದ ಮೇಲೆ ಬೆಣ್ಣೆ ವಾಸನೆ ಇರಲಿಲ್ಲ.

ಅಲ್ಲಿಂದ ಇಳಿಸುವ ಕೆಲಸ ಶುರುವಾಯಿತು. ದಿನಾ ಬೆಳಿಗ್ಗೆ ಒಂದು ಡಿಗ್ರಿ ಕೆಳಗೆ, ಮೇಲೆ ಹೊಸ ಪಟ್ಟಿ, ಪಟ್ಟಿಯ ಮೇಲೆ ನಮ್ಮ ಲೆಕ್ಕದ ಅಂಕಿ. ಲೆಕ್ಕಕ್ಕೆ ನನಗೆ ಫೋನ್ ಮಾಡುತ್ತಿದ್ದ. "ಮೇಷ್ಟ್ರೇ, ಅವರ ಹನ್ನೆರಡು ನಮ್ದೆಷ್ಟೋ?" ನಾನು ಹಾಲಿನ ಚೀಟಿಯ ಹಿಂದೆ ಗುಣಿಸಿ ಕೂಡಿಸಿ ಹೇಳುತ್ತಿದ್ದೆ. ಎರಡು ಸಲ ತಪ್ಪು ಹೇಳಿದೆ. ತಪ್ಪನ್ನೇ ಬರೆದುಕೊಂಡ. ಹೇಗಿದ್ದರೂ ಕೆಳಗಿನ ಕೆಂಪು ಅಂಕಿ ಸರಿಯಾಗಿತ್ತಲ್ಲ. ಲೋರ್ನ್‌ನನ್ನು ಕೇಳಬಹುದಲ್ಲೋ ಎಂದರೆ, "ಅವನಿಗೆ ಜಂಬ ತಲೆಗೇರಿಬಿಡತ್ತೆ, ಸುಮ್ನಿರು," ಎನ್ನುತ್ತಿದ್ದ.

ಡಿಗ್ರಿ ಇಳಿದಂತೆ ಅವನೂ ಇಳಿಯುತ್ತ ಬಂದ. ಅಡುಗೆಮನೆಯ ಬಾಗಿಲಿನಿಂದ ಗ್ಯಾರೇಜಿಗೆ ಮೂವತ್ತು ಹೆಜ್ಜೆ. ಮೊದಲ ವಾರ ಒಂದೇ ಉಸಿರಿಗೆ ಹೋಗುತ್ತಿದ್ದವನು, ಆಮೇಲೆ ಹಕ್ಕಿಗೆ ಕಾಳು ಹಾಕುವ ಕಂಬ ಹಿಡಿದು ಒಮ್ಮೆ ನಿಲ್ಲುತ್ತಿದ್ದ, ಆಮೇಲೆ ಎರಡು ಸಲ. ಆರ್ಡಿಸ್ ಬೈಯುತ್ತಿದ್ದಳು. ಲೋರ್ನ್ ದಿನಾ ಮಧ್ಯಾಹ್ನ ಬರುತ್ತಿದ್ದ, ಗೆರೆಯಾಚೆ ನಿಂತು, "ಎಷ್ಟಕ್ಕೆ ಬಂತು ಮಾವ?" ಎನ್ನುತ್ತಿದ್ದ. "ನಲವತ್ತೆಂಟು." "ಹಾಗಾದ್ರೆ ಒಂಬತ್ತು." "ನಲವತ್ತೆಂಟು!" ಇದೇ ಇಬ್ಬರ ಸಂಭಾಷಣೆ. ಇಬ್ಬರಿಗೂ ಅದರಲ್ಲಿ ಖುಷಿಯಿತ್ತೆಂದು ನನಗೆ ಈಗ ಅನ್ನಿಸುತ್ತದೆ.

ಕೊನೆಯ ಸೋಮವಾರ ನಾನು ಹೋದಾಗ ಎರಡು ಡಿಗ್ರಿಗೆ ಬಂದಿತ್ತು. ವರ್ಲಿನ್ ಬಕೆಟ್ಟಿನ ಮೇಲೆ ಕೂತೇ ಮಾತಾಡಿದ.

"ನಾಳೆ ಒಂದಕ್ಕೆ. ಆಮೇಲೆ ಆರು ವಾರ ಕಾಯೋದು ಅಷ್ಟೇ. ಯಾರಾದ್ರೂ ದಿನಾ ಒಂದ್ಸಲ ನೋಡ್ಬೇಕು. ಏಪ್ರಿಲ್‌ನಲ್ಲಿ ಹೊರಗೆ ಬೆಚ್ಚಗಾದಾಗ ಬಲ್ಬು ತೆಗೀಬೇಕು."

"ನಾನು ನೋಡ್ಕೋತೀನಿ," ಎಂದೆ.

ಅವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. "ನೀನಾ? ನಾಲ್ಕು ಮಡಿಕೆ ಕಾಗದ ಓದಕ್ಕಾಗ್ದೋನು." ನಕ್ಕ. ನಗು ಕೆಮ್ಮಾಯಿತು, ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ. ಅದೇ ಅವನು ನನಗೆ ಹೇಳಿದ ಕೊನೆಯ ಮಾತು. ಇದಕ್ಕಿಂತ ಒಳ್ಳೆಯ ಮಾತು ನನಗೆ ಬೇಕಾಗಿಲ್ಲ.

ಬಿಯರ್ ಈಗಲೂ ಅಲ್ಲೇ ಇದೆ. ಈಸ್ಟರ್‌ಗೆ ಇನ್ನು ಐದು ವಾರ. ಪಾದ್ರಿಗಳೇ, ನೀವು ಮಗುವಿನ ತಲೆಗೆ ನೀರು ಹಾಕಿದ ಮೇಲೆ ಮನೆಗೆ ಬರಬೇಕು. ಒಂದು ಗ್ಲಾಸು ನಿಮಗೂ ಇದೆ. ಬೆಣ್ಣೆ ವಾಸನೆ ಇಲ್ಲ.

ಆ ಮಂಗಳವಾರದ್ದನ್ನು ಆರ್ಡಿಸ್ ಹೇಳಿದಷ್ಟು, ಆಮೇಲೆ ನಾವು ಕಂಡಷ್ಟು ಬರೆಯುತ್ತೇನೆ. ಬೆಳಿಗ್ಗೆ ಅವನು ಅರ್ಧ ಕಪ್ಪು ಕಾಫಿ ಕುಡಿದ. ಎಡಭಾಗ ಮೇಲೆ ಕಟ್ಟಿದ ಟೊಪ್ಪಿಗೆ ಹಾಕಿಕೊಂಡ. "ಎರಡು ನಿಮಿಷ ಕಣೇ," ಎಂದು ಹೊರಟ. ಆರ್ಡಿಸ್ ಕಿಟಕಿಯಿಂದ ನೋಡುತ್ತಿದ್ದಳು. ಹಕ್ಕಿಯ ಕಂಬದ ಹತ್ತಿರ ಮೂರು ಸಲ ಉಸಿರು ತೆಗೆದುಕೊಂಡು ಒಳಗೆ ಹೋದ. ಆವತ್ತು ನನಗೆ ಫೋನ್ ಮಾಡಲಿಲ್ಲ. ಅವರ ಒಂದು ನಮ್ಮದೆಷ್ಟು ಎಂದು ಕೇಳಲಿಲ್ಲ. ನಾನು ಹಾಲಿನ ಚೀಟಿ ತೆಗೆದಿಟ್ಟುಕೊಂಡು ಕಾಯುತ್ತಿದ್ದೆ.

ಒಂದಕ್ಕೆ ಇಳಿಸಿದ್ದ. ಹಳೆಯ ಪಟ್ಟಿ ಕಿತ್ತಿದ್ದ, ಆದರೆ ಅದರ ಜಾಗದಲ್ಲಿ ಹೊಸದು ಹಾಕಿರಲಿಲ್ಲ. ಕೆಂಪು ಅಂಕಿ ಬರಿಗಣ್ಣಿಗೆ ಕಾಣುತ್ತಿತ್ತು: ಒಂದು. ಪಟ್ಟಿಯ ಸುರುಳಿ ಅವನ ತೊಡೆಯ ಮೇಲಿತ್ತು, ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡಿದ್ದ. ಹರಿದುಕೊಂಡ ಹೊಸ ಪಟ್ಟಿಯನ್ನು ಅವನು ಫ್ರಿಜ್ಜಿನ ಬಾಗಿಲಿಗೆ, ಬೇರೆಯವರು ಮುಟ್ಟಬಾರದು ಎಂಬ ಕೆಂಪಕ್ಷರದ ಕೆಳಗೆ, ಚೆನ್ನಾಗಿ ಒತ್ತಿ ನೇರವಾಗಿ ಅಂಟಿಸಿದ್ದ. ಅದರ ಮೇಲೆ ಬರೆದಿದ್ದ: "ಲೋರ್ನ್ ಮುಟ್ಟಬಹುದು. ಮೆಲ್ಲಗೆ."